ಎಸಿಎಲ್ ಪೂರ್ತಿ ಹರಿದಿದೆ: ಆಪರೇಷನ್ ಮಾಡಿಸೋದಾ, ವ್ಯಾಯಾಮದಲ್ಲೇ ನೋಡೋದಾ?

ಎಂಆರ್‌ಐ ರಿಪೋರ್ಟ್‌ನಲ್ಲಿ ‘ಎಸಿಎಲ್ ಕಂಪ್ಲೀಟ್ ಟೇರ್’ ಅಂತ ಬಂದ ದಿನವೇ ಮನೆಯಲ್ಲಿ ಎರಡು ಪಕ್ಷ ಆಗುತ್ತವೆ. ಎಸಿಎಲ್ ಅಂದರೆ ಮಂಡಿಯೊಳಗಿನ ಒಂದು ಲಿಗಮೆಂಟ್, ಎಲುಬಿಗೆ ಎಲುಬನ್ನು ಕಟ್ಟಿ ಹಿಡಿಯುವ ಗಟ್ಟಿ ನಾರಿನ ಪಟ್ಟಿ. ಒಬ್ಬರು ತಡ ಮಾಡಬೇಡ, ನಾಳೆಯೇ ಅಡ್ಮಿಟ್ ಆಗು ಅನ್ನುತ್ತಾರೆ. ಇನ್ನೊಬ್ಬರು ಮಂಡಿಗೆ ಮಾತ್ರ ಆಪರೇಷನ್ ಬೇಡ, ಕಟ್ಟು ಕಟ್ಟುವವರು ಯಾರೋ ಇದ್ದಾರಂತೆ ಅನ್ನುತ್ತಾರೆ. ಕಬಡ್ಡಿಯೋ ಶಟಲ್ಲೋ ಆಡುವಾಗ ಬಿದ್ದ ಹುಡುಗ ಮಾತ್ರ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, ತನ್ನ ಆಟ ಇಲ್ಲಿಗೆ ಮುಗಿಯಿತು ಅಂತ ಕೂತಿರುತ್ತಾನೆ.

ಆಟ ಮುಗಿದಿಲ್ಲ. ಬರೀ ಎಸಿಎಲ್ ಒಂದೇ ಹರಿದಿದ್ದರೆ ನಾಳೆಯೇ ನಿರ್ಧಾರ ಮಾಡುವ ಅವಸರವೂ ಇಲ್ಲ, ಕೆಲವು ವಾರ ನಿಮ್ಮ ಕೈಯಲ್ಲಿವೆ. ನಾನು ಡಾಕ್ಟರ್ ಅಲ್ಲ, ಇದೇ ಮಂಡಿ ನೋವಿನಲ್ಲಿ ಬಿದ್ದು ಎದ್ದವನು, ಆಮೇಲೆ ಹತ್ತಿರದವರಿಗೆ ಈ ದಾರಿಯಲ್ಲಿ ಜೊತೆಯಾದವನು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ರಿಪೋರ್ಟ್‌ನಲ್ಲಿರುವ ಎರಡು ಸಾಲು ನೋಡಿ ಈ ನಿರ್ಧಾರ ಮಾಡಬಾರದು. ಊತ ಇಳಿದು ಕಾಲಿಗೆ ಸ್ವಲ್ಪ ಬಲ ಬಂದ ಮೇಲೆ ಆ ಮಂಡಿ ಗಟ್ಟಿಯಾಗಿ ನಿಲ್ಲುತ್ತದೋ ಇಲ್ಲವೋ, ಅದರಿಂದ ನಿಮಗೆ ಮುಂದೆ ಏನು ಕೆಲಸ ಆಗಬೇಕು, ಈ ಎರಡನ್ನು ನೋಡಿ ಮಾಡಬೇಕು.

ಕಾಯಲೇಬಾರದವರು ಯಾರು

ಕೆಲವರಿಗೆ ಆಯ್ಕೆಯ ಪ್ರಶ್ನೆಯೇ ಬರುವುದಿಲ್ಲ, ಅವರನ್ನು ಮೊದಲು ಬೇರೆ ಮಾಡಬೇಕು.

ಬಿದ್ದಾಗ ಮಂಡಿ ಕೀಲೇ ತಪ್ಪಿ ಆಮೇಲೆ ಸರಿಯಾಗಿ ಕೂತಿದ್ದರೆ, ಪಾದ ತಣ್ಣಗಾಗಿದ್ದರೆ, ಬಣ್ಣ ಬದಲಾಗಿದ್ದರೆ, ಬೆರಳು ಮೇಲೆತ್ತಲು ಆಗದಿದ್ದರೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮಂಡಿಯ ಹಿಂದೆ ಕಾಲಿಗೆ ರಕ್ತ ಒಯ್ಯುವ ದೊಡ್ಡ ನಾಳ ಇದೆ. ಅದಕ್ಕೆ ಪೆಟ್ಟಾಗಿದ್ದರೆ ಲೆಕ್ಕ ಗಂಟೆಗಳಲ್ಲಿ, ತಡವಾದರೆ ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು. ಮೀನಖಂಡ ಊದಿ ಬಿಗಿದುಕೊಂಡು ನೋಯುತ್ತಿದ್ದರೆ ಅಥವಾ ಉಸಿರಾಡಲು ಕಷ್ಟವಾದರೆ ಅದೂ ತುರ್ತು. ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇರುತ್ತದೆ. ಇದು ಪೆಟ್ಟಿನ ನಂತರವೂ ಆಗಬಹುದು, ಆಪರೇಷನ್ ನಂತರವೂ ಆಗಬಹುದು.

ಮಂಡಿ ಅರ್ಧಕ್ಕೇ ಸಿಕ್ಕಿಹಾಕಿಕೊಂಡು ಪೂರ್ತಿ ನೇರವಾಗದೇ ಇದ್ದರೆ ಮೆನಿಸ್ಕಸ್ ಹರಿದು ಮಧ್ಯಕ್ಕೆ ಮಡಚಿಕೊಂಡಿರಬಹುದು. ಮೆನಿಸ್ಕಸ್ ಅಂದರೆ ಎರಡು ಎಲುಬಿನ ನಡುವೆ ಕೂತಿರುವ ಮೆತ್ತೆ. ಇದನ್ನು ಬೇಗ ಹೊಲಿದರೆ ಉಳಿಯುತ್ತದೆ, ತಡ ಮಾಡಿದರೆ ಕತ್ತರಿಸಿ ತೆಗೆಯಬೇಕಾಗಬಹುದು. ಆ ಮೆತ್ತೆ ಹೋದರೆ ಮುಂದೆ ಮಂಡಿ ಸವೆತ ಬೇಗ ಬರುತ್ತದೆ. ನನ್ನ ಪ್ರಕಾರ ಎಸಿಎಲ್‌ಗಿಂತ ಜಾಸ್ತಿ ಕಾಪಾಡಿಕೊಳ್ಳಬೇಕಾದದ್ದು ಇದನ್ನೇ. ಇಡೀ ಲೇಖನದಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಎರಡು ಮೂರು ಲಿಗಮೆಂಟ್ ಒಟ್ಟಿಗೆ ಹರಿದವರ ಲೆಕ್ಕವೂ ಬೇರೆ. ಕ್ರಿಕೆಟಿಗ ರಿಷಭ್ ಪಂತ್ ಅವರಿಗೆ 2022ರ ಡಿಸೆಂಬರ್ 30ರ ಕಾರು ಅಪಘಾತದಲ್ಲಿ ಆಗಿದ್ದು ಇಂಥದ್ದೇ ದೊಡ್ಡ ಪೆಟ್ಟು. 2023ರ ಜನವರಿಯಲ್ಲಿ ಮುಂಬೈಯಲ್ಲಿ ಆಪರೇಷನ್, ಆಮೇಲೆ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಕಸರತ್ತು. ಆಡಲು ಫಿಟ್ ಅಂತ ಹೇಳಿದ್ದು 2024ರ ಮಾರ್ಚ್‌ನಲ್ಲಿ. ಇಂಥ ಪೆಟ್ಟಿದ್ದವರು ಮುಂದೆ ನಾನು ಹೇಳುವ ‘ಕಾದು ನೋಡಿ’ ಅನ್ನುವ ಮಾತನ್ನು ಹಿಡಿದುಕೊಳ್ಳಬೇಡಿ. ಇಂಥ ಮಂಡಿಗಳನ್ನೇ ಜಾಸ್ತಿ ನೋಡುವ ಸರ್ಜನ್ ಹತ್ತಿರ ಬೇಗ ಹೋಗಿ.

ಹರಿದದ್ದು ಯಾವುದು?

ಮಂಡಿಯಲ್ಲಿ ಮುಖ್ಯ ಲಿಗಮೆಂಟ್ ನಾಲ್ಕು. ಒಳಬದಿಯಲ್ಲಿರುವ ಎಂಸಿಎಲ್ ಒಂದೇ ಹರಿದಿದ್ದರೆ ಖುಷಿಪಡಿ, ಅದಕ್ಕೆ ರಕ್ತ ಚೆನ್ನಾಗಿ ಹರಿಯುತ್ತದೆ, ಬ್ರೇಸ್ (ಮಂಡಿಯನ್ನು ಹಿಡಿದಿಡುವ ಪಟ್ಟಿ) ಹಾಕಿಕೊಂಡು ಕೆಲವು ವಾರ ಕಾದರೆ ಬಹುಪಾಲು ತಾನೇ ಕೂಡಿಕೊಳ್ಳುತ್ತದೆ. ಹಿಂದಿನ ಪಿಸಿಎಲ್ ಒಂದೇ ಹರಿದವರೂ ಹೆಚ್ಚಿನವರು ಆಪರೇಷನ್ ಇಲ್ಲದೆ ಸುಧಾರಿಸುತ್ತಾರೆ. ಕಷ್ಟ ಕೊಡುವುದು ಎಸಿಎಲ್. ಅದು ಕೀಲಿನ ಒಳಗೆ, ಕೀಲುದ್ರವದ ನಡುವೆ ಇರುವುದರಿಂದ ಹರಿದ ತುದಿಗಳ ಮಧ್ಯೆ ರಕ್ತ ಹೆಪ್ಪುಗಟ್ಟಿ ನಿಲ್ಲುವುದೇ ಕಷ್ಟ, ಹಾಗಾಗಿ ಬೇರೆ ಲಿಗಮೆಂಟ್ ಕೂಡಿಕೊಳ್ಳುವಷ್ಟು ಸುಲಭವಾಗಿ ಇದು ಕೂಡಿಕೊಳ್ಳುವುದಿಲ್ಲ. ಓಡುತ್ತಾ ಥಟ್ಟನೆ ತಿರುಗಿದಾಗ, ಹಾರಿ ಇಳಿದಾಗ ಮೊಣಕಾಲ ಕೆಳಗಿನ ಎಲುಬು ಮುಂದಕ್ಕೆ ಜಾರದಂತೆ, ತಿರುಚದಂತೆ ಹಿಡಿಯುವುದು ಇದರ ಕೆಲಸ. ನೇರ ನಡೆಯುವುದಕ್ಕೆ, ಸೈಕಲ್ ತುಳಿಯುವುದಕ್ಕೆ ಇದು ಅಷ್ಟಾಗಿ ಬೇಕಾಗಿಲ್ಲ. ಎಸಿಎಲ್ ಇಲ್ಲದೇ ವರ್ಷಗಟ್ಟಲೆ ಆರಾಮಾಗಿ ಓಡಾಡುವವರು ಇರುವುದು ಇದೇ ಕಾರಣಕ್ಕೆ.

ಇನ್ನೊಂದು ಮಾತು. ಎಂಆರ್‌ಐ ಚಿತ್ರ ತೋರಿಸುತ್ತದೆ, ಮಂಡಿ ಎಷ್ಟು ಸಡಿಲವಾಗಿದೆ ಅಂತ ಹೇಳುವುದಿಲ್ಲ. ಅದನ್ನು ಡಾಕ್ಟರ್ ಕೈಯಲ್ಲಿ ಹಿಡಿದು ನೋಡಬೇಕು. ಲ್ಯಾಕ್‌ಮನ್ ಟೆಸ್ಟ್, ಪಿವಟ್ ಶಿಫ್ಟ್ ಟೆಸ್ಟ್ ಅಂತ ಇವೆ. ಮಂಡಿ ಮುಟ್ಟದೆ, ಕಂಪ್ಯೂಟರ್ ಪರದೆ ಮಾತ್ರ ನೋಡಿ ಆಪರೇಷನ್ ತಾರೀಖು ಕೊಟ್ಟರೆ ಇನ್ನೊಬ್ಬರ ಹತ್ತಿರ ತೋರಿಸಿ. ಇದರಲ್ಲಿ ಸಂಕೋಚ ಬೇಡ.

ಎರಡೂ ದಾರಿಗೆ ಮೊದಲ ಕೆಲವು ವಾರ ಒಂದೇ

ಆಪರೇಷನ್ ಮಾಡಿಸುವವರೂ ಮಾಡಿಸದವರೂ ಮೊದಲು ಮಾಡಬೇಕಾದ್ದು ಇಷ್ಟು: ಊತ ಇಳಿಸಬೇಕು, ಮಂಡಿ ಪೂರ್ತಿ ನೇರ ಆಗಬೇಕು, ತೊಡೆಯ ಮುಂಭಾಗದ ಸ್ನಾಯು ಮತ್ತೆ ಬಿಗಿ ಹಿಡಿಯುವುದನ್ನು ಕಲಿಯಬೇಕು, ಕುಂಟದೆ ನಡೆಯಬೇಕು. ಪೆಟ್ಟಾದ ಮೇಲೆ ತೊಡೆ ಸ್ನಾಯು ಒಂಥರಾ ಸ್ವಿಚ್ ಆಫ್ ಆಗಿಬಿಡುತ್ತದೆ. ಕಾಲು ಚಾಚಿ ಕೂತು, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತಿ ಹಿಡಿಯುವುದು ಎಷ್ಟು ಸಣ್ಣ ವ್ಯಾಯಾಮ, ಅದನ್ನೇ ಮಾಡಲಾಗದೆ ಮೊದಲ ವಾರ ಎಂಥವರಿಗೂ ಅಳು ಬರುತ್ತದೆ. ಬಿಡದೆ ಮಾಡಿ, ಬರುತ್ತದೆ.

ಊದಿಕೊಂಡು ಬಿಗಿದ ಮಂಡಿಗೆ ಅವಸರದಲ್ಲಿ ಆಪರೇಷನ್ ಮಾಡಿದರೆ ಆಮೇಲೆ ಅದು ಮಡಚುವುದೂ ಕಷ್ಟ, ನೇರ ಆಗುವುದೂ ಕಷ್ಟ ಅನ್ನುವ ಸ್ಥಿತಿಗೆ ಬರುವ ಅಪಾಯ ಜಾಸ್ತಿ. ಹಾಗಾಗಿ ಆಪರೇಷನ್ ಖಚಿತ ಅಂತ ತೀರ್ಮಾನಿಸಿದವರಿಗೂ ಈ ವಾರಗಳು ವ್ಯರ್ಥ ಅಲ್ಲ. ಒಳ್ಳೆ ತೊಡೆ ಬಲದೊಂದಿಗೆ ಟೇಬಲ್ ಹತ್ತಿದವರು ಬೇಗ ಚೇತರಿಸಿಕೊಳ್ಳುತ್ತಾರೆ.

ಈ ಹೊತ್ತಿನಲ್ಲೇ ಯಾರಾದರೂ ಎಣ್ಣೆ ಹಚ್ಚಿ ನೀವಿಸಿಕೊಳ್ಳಲು ಹೇಳುತ್ತಾರೆ. ದಯವಿಟ್ಟು ಬೇಡ. ಊದಿದ ಕೀಲನ್ನು ಜೋರಾಗಿ ತಿಕ್ಕಿ ಎಳೆದರೆ ಊತ ಇನ್ನೂ ಏರುತ್ತದೆ, ಒಳಗೆ ಮೆನಿಸ್ಕಸ್ ಹರಿದಿದ್ದರೆ ಅದು ದೊಡ್ಡದಾಗುತ್ತದೆ. ಬಿಗಿಯಾಗಿ ಕಟ್ಟು ಕಟ್ಟಿ ವಾರಗಟ್ಟಲೆ ಕಾಲು ಅಲ್ಲಾಡಿಸದೇ ಇಟ್ಟರೆ ತೊಡೆ ಸೊರಗುತ್ತದೆ, ಮಂಡಿ ಜಡವಾಗುತ್ತದೆ. ಎಲುಬಿಗೆ ಕಟ್ಟುವ ಕಟ್ಟು ಬೇರೆ, ಹರಿದ ಎಸಿಎಲ್ ಬೇರೆ.

ಮೊದಲ ದಾರಿ: ವ್ಯಾಯಾಮದಿಂದ ಶುರು, ಬೇಕಾದರೆ ಆಮೇಲೆ ಆಪರೇಷನ್

ಇದನ್ನು ‘ಏನೂ ಮಾಡದೆ ಇರುವುದು’ ಅಂತ ತಿಳಿದುಕೊಂಡವರೇ ಜಾಸ್ತಿ. ಹಾಗಲ್ಲ, ಇದು ವಾರಕ್ಕೆ ಹಲವು ದಿನ ಬೆವರು ಹರಿಸುವ ಚಿಕಿತ್ಸೆ.

ಸ್ವೀಡನ್ನಿನಲ್ಲಿ 121 ಜನ ಯುವಕ ಯುವತಿಯರ ಮೇಲೆ ಕೇನನ್ ಅನ್ನುವ ಅಧ್ಯಯನ ನಡೆಯಿತು. 2010ರಲ್ಲಿ ಅದರ ಫಲಿತಾಂಶ ಬಂತು. ಅರ್ಧ ಜನಕ್ಕೆ ಬೇಗ ಆಪರೇಷನ್ ಜೊತೆಗೆ ವ್ಯಾಯಾಮ, ಇನ್ನರ್ಧ ಜನಕ್ಕೆ ವ್ಯಾಯಾಮ ಮಾತ್ರ, ಮಂಡಿ ಕೈಕೊಟ್ಟರೆ ಆಮೇಲೆ ಆಪರೇಷನ್. ಎರಡು ವರ್ಷ ಆದಮೇಲೆ ನೋವು, ಓಡಾಟ, ಆಟ, ಬದುಕಿನ ಗುಣಮಟ್ಟ ಎಲ್ಲ ಸೇರಿಸಿ ನೋಡಿದರೆ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡನೇ ಗುಂಪಿನಲ್ಲಿ ಶೇ. 39 ಜನ ಎರಡು ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರು, ಐದು ವರ್ಷ ಆಗುವಾಗ ಅದು ಸುಮಾರು ಅರ್ಧಕ್ಕೆ ಮುಟ್ಟಿತು. ನೆದರ್ಲೆಂಡ್ಸ್‌ನಲ್ಲಿ 167 ಜನರ ಮೇಲೆ ನಡೆದು 2021ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲೂ ವ್ಯಾಯಾಮದಿಂದ ಶುರು ಮಾಡಿದವರಲ್ಲಿ ಅರ್ಧ ಜನ ಎರಡು ವರ್ಷದೊಳಗೆ ಆಪರೇಷನ್‌ಗೆ ಬಂದರು.

ಈ ಅಂಕಿಗಳನ್ನು ಎರಡೂ ಪಕ್ಷದವರು ತಮಗೆ ಬೇಕಾದಂತೆ ಹೇಳುತ್ತಾರೆ. ‘ನೋಡಿ, ಅರ್ಧ ಜನಕ್ಕೆ ಕೊನೆಗೆ ಆಪರೇಷನ್ನೇ ಬೇಕಾಯಿತು’ ಅಂತ ಒಬ್ಬರು. ‘ನೋಡಿ, ಅರ್ಧ ಜನಕ್ಕೆ ಬೇಕಾಗಲೇ ಇಲ್ಲ’ ಅಂತ ಇನ್ನೊಬ್ಬರು. ನಾನು ಎರಡನೆಯವರ ಕಡೆ. ಬೇಕಾಗದ ಆಪರೇಷನ್ ತಪ್ಪಿಸಲು ಕೆಲವು ತಿಂಗಳ ಶ್ರದ್ಧೆ ಜಾಸ್ತಿಯೇನಲ್ಲ, ಆದರೆ ಒಂದು ಷರತ್ತು ಇದೆ.

ಆ ಷರತ್ತು: ಮಂಡಿ ಕೈಕೊಡಬಾರದು. ನಡೆಯುವಾಗ, ಮೆಟ್ಟಿಲು ಇಳಿಯುವಾಗ, ರಸ್ತೆ ದಾಟುವಾಗ ತಿರುಗಿದರೆ ಮಂಡಿ ಕಳಚಿಕೊಂಡಂತೆ ಜಾರುತ್ತದಲ್ಲ, ಅದನ್ನು ಹೇಳುತ್ತಿದ್ದೇನೆ. ಹಾಗೆ ಜಾರಿದಾಗಲೆಲ್ಲ ಒಳಗೆ ಮೆನಿಸ್ಕಸ್ ಮತ್ತು ಎಲುಬಿನ ಮೇಲಿನ ನುಣುಪು ಪದರ ಜಜ್ಜಿಹೋಗುವ ಅಪಾಯ ಇದೆ. ಚೆನ್ನಾಗಿ ವ್ಯಾಯಾಮ ಮಾಡಿ, ತೊಡೆಗೆ ಬಲ ಬಂದ ಮೇಲೂ ಮಂಡಿ ಮತ್ತೆ ಮತ್ತೆ ಜಾರುತ್ತಿದ್ದರೆ ಅಲ್ಲಿಗೆ ಈ ದಾರಿ ಸಾಕು. ‘ಹೇಗೋ ಸಂಭಾಳಿಸುತ್ತಿದ್ದೇನೆ’ ಅಂತ ವರ್ಷ ಕಳೆಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ, ಯಾಕೆಂದರೆ ಹರಿದ ಎಸಿಎಲ್‌ಗೆ ಬದಲಿ ಹಾಕಬಹುದು, ಸವೆದ ಮೆತ್ತೆಗೆ ಅಷ್ಟು ಸುಲಭದ ಬದಲಿ ಇಲ್ಲ.

ಈ ದಾರಿ ಯಾರಿಗೆ ಹೊಂದುತ್ತದೆ? ನಡಿಗೆ, ಸೈಕಲ್, ಈಜು, ಜಿಮ್, ನೇರ ಓಟದಲ್ಲಿ ತೃಪ್ತಿ ಇರುವವರಿಗೆ. ಮೆನಿಸ್ಕಸ್ ಚೆನ್ನಾಗಿರುವವರಿಗೆ. ವಯಸ್ಸು ನಲವತ್ತು ದಾಟಿ, ವಾರಾಂತ್ಯದ ಆಟ ಬದಲಿಸಲು ಒಪ್ಪುವವರಿಗೆ. ಮುಖ್ಯವಾಗಿ, ಯಾರೂ ಹೇಳದಿದ್ದರೂ ವ್ಯಾಯಾಮ ತಪ್ಪಿಸದವರಿಗೆ.

ಎರಡನೇ ದಾರಿ: ಆಪರೇಷನ್

ಕಬಡ್ಡಿ, ಖೋಖೋ, ಫುಟ್‌ಬಾಲ್, ಬ್ಯಾಡ್ಮಿಂಟನ್, ಬಾಸ್ಕೆಟ್‌ಬಾಲ್, ಕುಸ್ತಿ. ಇವೆಲ್ಲ ಎಸಿಎಲ್ ಮೇಲೇ ನಿಂತ ಆಟಗಳು. ಇಪ್ಪತ್ತರ ವಯಸ್ಸು, ಮತ್ತೆ ಇಂಥ ಆಟವನ್ನೇ ಪೈಪೋಟಿಯಲ್ಲಿ ಆಡಬೇಕು ಅಂದರೆ ಸುಮ್ನೆ ಕಾಯುವುದರಲ್ಲಿ ಅರ್ಥ ಕಡಿಮೆ. ಊತ ಇಳಿಸಿ, ಬಲ ಬರಿಸಿ, ಆಪರೇಷನ್ ಮಾಡಿಸಿ. ಹೊಲಿಯಬಹುದಾದ ಮೆನಿಸ್ಕಸ್ ಹರಿದಿದ್ದರೂ ಇದೇ ಮಾತು, ಸಡಿಲ ಮಂಡಿಯಲ್ಲಿ ಬರೀ ಮೆನಿಸ್ಕಸ್ ಹೊಲಿದರೆ ಹೊಲಿಗೆ ನಿಲ್ಲುವುದಿಲ್ಲ. ತೋಟದಲ್ಲಿ ಮರ ಹತ್ತುವವರು, ಕಟ್ಟಡದ ಸಾರುವೆ ಮೇಲೆ ಕೆಲಸ ಮಾಡುವವರು, ಪೊಲೀಸ್, ಸೇನೆಯಲ್ಲಿರುವವರು ಆಟ ಆಡದಿದ್ದರೂ ಈ ಗುಂಪಿಗೇ ಸೇರುತ್ತಾರೆ. ಅಲ್ಲಿ ಮಂಡಿ ಒಂದು ಸಲ ಕೈಕೊಟ್ಟರೂ ಜೀವಕ್ಕೇ ಅಪಾಯ.

ಪೆಟ್ಟಾಗಿ ತಿಂಗಳುಗಳು ಕಳೆದು, ಇನ್ನೂ ಮಂಡಿ ಜಾರುತ್ತಿರುವವರಿಗೆ ಬ್ರಿಟನ್ನಿನ ಒಂದು ಅಧ್ಯಯನ ಚೆನ್ನಾಗಿ ಉತ್ತರ ಕೊಡುತ್ತದೆ. 316 ಜನ, 2022ರಲ್ಲಿ ಪ್ರಕಟ. ಇಂಥವರಲ್ಲಿ ಆಪರೇಷನ್ ಗುಂಪಿನವರೇ ಮೇಲುಗೈ. ಅಂದರೆ ಸ್ವೀಡನ್ನಿನ ಹೊಸ ಪೆಟ್ಟಿನವರ ಲೆಕ್ಕವನ್ನು ಹಳೇ ಸಡಿಲ ಮಂಡಿಯವರಿಗೆ ಹಚ್ಚಬಾರದು.

ಆಪರೇಷನ್ ಏನು ಕೊಡುವುದಿಲ್ಲ ಅನ್ನುವುದೂ ಗೊತ್ತಿರಲಿ. ಮುಂದೆ ಮಂಡಿ ಸವೆಯುವುದೇ ಇಲ್ಲ ಅನ್ನುವ ಗ್ಯಾರಂಟಿ ಇದರಲ್ಲಿಲ್ಲ. ಹಳೇ ಮಟ್ಟದ ಆಟಕ್ಕೆ ಎಲ್ಲರೂ ಮರಳುತ್ತಾರೆ ಅನ್ನುವುದೂ ಇಲ್ಲ. ಹಲವು ಅಧ್ಯಯನಗಳನ್ನು ಒಟ್ಟುಮಾಡಿ 2014ರಲ್ಲಿ ನೋಡಿದಾಗ ಶೇ. 81 ಜನ ಏನಾದರೊಂದು ಆಟಕ್ಕೆ ಮರಳಿದ್ದರು, ಹಿಂದಿನ ಮಟ್ಟಕ್ಕೇ ಮರಳಿದವರು ಶೇ. 65, ಸ್ಪರ್ಧೆಯ ಆಟಕ್ಕೆ ಮರಳಿದವರು ಶೇ. 55. ಹಿಂದಿರುಗದವರಲ್ಲಿ ಎಷ್ಟೋ ಜನರ ಮಂಡಿ ಚೆನ್ನಾಗೇ ಇರುತ್ತದೆ, ಮತ್ತೆ ಬೀಳುವ ಭಯ ಬಿಡುವುದಿಲ್ಲ. ಈ ಭಯವನ್ನು ಯಾರೂ ಹೇಡಿತನ ಅನ್ನಬಾರದು. ಅದಕ್ಕೂ ಚಿಕಿತ್ಸೆ ಬೇಕು, ಒಳ್ಳೆ ಫಿಸಿಯೋ ಅದನ್ನೂ ಕೇಳುತ್ತಾರೆ.

ಹೊಸದಾಗಿ ಕೇಳಿಬರುವ ಬ್ರೇಸ್ ವಿಧಾನ

ಆಸ್ಟ್ರೇಲಿಯಾದ ಕ್ರಾಸ್ ಬ್ರೇಸಿಂಗ್ ಬಗ್ಗೆ ಈಗ ತುಂಬಾ ಜನ ಕೇಳುತ್ತಾರೆ. ಪೆಟ್ಟಾದ ಒಂದು ತಿಂಗಳೊಳಗೆ ಮಂಡಿಯನ್ನು 90 ಡಿಗ್ರಿ ಮಡಚಿ, ನಾಲ್ಕು ವಾರ ಹಾಗೇ ಬ್ರೇಸ್‌ನಲ್ಲಿ ಕೂರಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ 12 ವಾರಕ್ಕೆ ಬ್ರೇಸ್ ತೆಗೆಯುವುದು. ಮಡಚಿದಾಗ ಹರಿದ ತುದಿಗಳು ಹತ್ತಿರ ಬರುತ್ತವೆ ಅನ್ನುವುದು ಇದರ ಹಿಂದಿನ ಯೋಚನೆ. 2023ರಲ್ಲಿ 80 ಜನರ ವಿವರ ಪ್ರಕಟವಾಯಿತು, ಮೂರು ತಿಂಗಳ ಎಂಆರ್‌ಐಯಲ್ಲಿ ಶೇ. 90 ಜನರ ಎಸಿಎಲ್ ಕೂಡಿಕೊಂಡಿರುವ ಲಕ್ಷಣ ಕಂಡಿತು. ಕೇಳಲು ಬಹಳ ಚೆನ್ನಾಗಿದೆ. ಆದರೆ ಅದರಲ್ಲಿ ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ, ಶೇ. 14 ಜನಕ್ಕೆ ಮತ್ತೆ ಪೆಟ್ಟಾಯಿತು, ಕಾಲು ಅಷ್ಟು ದಿನ ಮಡಚಿಟ್ಟರೆ ರಕ್ತ ಹೆಪ್ಪುಗಟ್ಟುವ ಭಯ ಇರುವುದರಿಂದ ಔಷಧಿ ಬೇಕಾಗುತ್ತದೆ. ಇದನ್ನು ಪಳಗಿದ ತಂಡದ ಕಣ್ಗಾವಲಿನಲ್ಲಿ ಮಾತ್ರ ಮಾಡಬೇಕು. ವಿಡಿಯೋ ನೋಡಿ ಮನೆಯಲ್ಲಿ ಬ್ರೇಸ್ ಕಟ್ಟಿಕೊಳ್ಳಬೇಡಿ.

ಆಪರೇಷನ್ ಅಂತಾದರೆ, ಯಾವ ಗ್ರಾಫ್ಟ್?

ಹರಿದ ಎಸಿಎಲ್ ಅನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ. ನಿಮ್ಮದೇ ದೇಹದ ಇನ್ನೊಂದು ಜಾಗದಿಂದ ಸ್ನಾಯುರಜ್ಜು ತೆಗೆದು, ಎಲುಬಿನಲ್ಲಿ ಸಣ್ಣ ಸುರಂಗ ಕೊರೆದು, ಅದರಲ್ಲಿ ಹಾಯಿಸಿ ಕೂರಿಸುತ್ತಾರೆ. ಹೀಗೆ ಕೂರಿಸುವ ರಜ್ಜುವೇ ಗ್ರಾಫ್ಟ್. ಎಲ್ಲಿಂದ ತೆಗೆಯುತ್ತಾರೆ ಅನ್ನುವುದು ನಿಮ್ಮ ಮುಂದಿನ ದಿನಗಳನ್ನು ನಿಜಕ್ಕೂ ಬದಲಿಸುತ್ತದೆ. ಹೆಚ್ಚಿನ ರೋಗಿಗಳು ಇದನ್ನು ಕೇಳುವುದೇ ಇಲ್ಲ. ಗ್ರಾಫ್ಟ್ ಹಿಡಿದಿಡುವ ಸ್ಕ್ರೂ ಟೈಟೇನಿಯಂದಾ, ಕರಗುವಂಥದ್ದಾ ಅಂತ ಗಂಟೆಗಟ್ಟಲೆ ವಿಚಾರಿಸುತ್ತಾರೆ, ಅದರಿಂದ ಆಗುವ ವ್ಯತ್ಯಾಸ ಕಡಿಮೆ.

ನಮ್ಮಲ್ಲಿ ಜಾಸ್ತಿ ಬಳಸುವುದು ಹ್ಯಾಮ್‌ಸ್ಟ್ರಿಂಗ್, ತೊಡೆಯ ಹಿಂದಿನ ಒಳಬದಿಯ ರಜ್ಜು. ಮಡಚಿ ನಾಲ್ಕು ಪದರ ಮಾಡುತ್ತಾರೆ. ಗಾಯ ಸಣ್ಣದು, ಮಂಡಿಯ ಮುಂಭಾಗ ನೋಯುವುದು ಕಡಿಮೆ. ಕೊರತೆ ಏನೆಂದರೆ, ಕಾಲನ್ನು ಹಿಂದಕ್ಕೆ ಪೂರ್ತಿ ಮಡಚುವ ಬಲ ಸ್ವಲ್ಪ ಕುಗ್ಗುತ್ತದೆ, ಎಲುಬಿಗೆ ಅಂಟಿಕೊಳ್ಳಲು ಸಮಯ ಹಿಡಿಯುತ್ತದೆ, ಹದಿಹರೆಯದ ಆಟಗಾರರಲ್ಲಿ ಮತ್ತೆ ಹರಿಯುವ ಸಾಧ್ಯತೆ ಸ್ವಲ್ಪ ಹೆಚ್ಚು. 25ರೊಳಗಿನ, ಮಂಡಿ ತುಂಬಾ ಸಡಿಲವಿರುವ ಆಟಗಾರರಿಗೆ ಮಂಡಿಯ ಹೊರಬದಿಯಲ್ಲಿ ಇನ್ನೊಂದು ಪಟ್ಟಿ ಬಿಗಿಯುವ ವಿಧಾನ ಇದೆ. 618 ಜನರ ಮೇಲಿನ, 2020ರ ಅಧ್ಯಯನದಲ್ಲಿ ಹ್ಯಾಮ್‌ಸ್ಟ್ರಿಂಗ್ ಜೊತೆಗೆ ಇದನ್ನೂ ಮಾಡಿದಾಗ ಎರಡು ವರ್ಷದಲ್ಲಿ ಗ್ರಾಫ್ಟ್ ಹರಿಯುವ ಪ್ರಮಾಣ ಶೇ. 11ರಿಂದ 4ಕ್ಕೆ ಇಳಿಯಿತು. ನಿಮ್ಮ ಮಗ ಅಥವಾ ಮಗಳು ಇಂಥ ವಯಸ್ಸಿನ ಆಟಗಾರರಾಗಿದ್ದರೆ ಸರ್ಜನ್‌ಗೆ ಈ ಪ್ರಶ್ನೆ ಕೇಳಲೇಬೇಕು.

ಎರಡನೆಯದು ಮಂಡಿಚಿಪ್ಪಿನ ಕೆಳಗಿನ ರಜ್ಜು. ಎರಡೂ ತುದಿಗೆ ಚೂರು ಎಲುಬು ಸೇರಿಸಿ ತೆಗೆಯುತ್ತಾರೆ, ಎಲುಬು ಎಲುಬಿಗೆ ಬೇಗ ಬೆಸೆಯುತ್ತದೆ, ಗಟ್ಟಿ. ಪೈಪೋಟಿಯ ಆಟಗಾರರಿಗೆ ಹಲವು ಸರ್ಜನ್‌ಗಳು ಇದನ್ನೇ ಮೆಚ್ಚುವುದು. ಆದರೆ ಮಂಡಿಯೂರಿದರೆ ನೋಯುತ್ತದೆ, ಕೆಲವರಿಗೆ ವರ್ಷಗಟ್ಟಲೆ. ಈ ಒಂದು ಮಾತು ನಮ್ಮಂಥವರಿಗೆ ಬಹಳ ದೊಡ್ಡದು. ದಿನಾ ನಮಾಜ್ ಮಾಡುವವರು, ಚರ್ಚ್‌ನಲ್ಲಿ ಮಂಡಿಯೂರುವವರು, ದೇವರ ಮುಂದೆ ಸಾಷ್ಟಾಂಗ ಹಾಕುವವರು, ಟೈಲ್ಸ್ ಹಾಕುವವರು, ಗಾಡಿ ರಿಪೇರಿ ಮಾಡುವವರು, ನೆಲ ಒರೆಸುವ ಕೆಲಸದಲ್ಲಿರುವವರು ಇದನ್ನು ಆಯ್ದುಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ. ಡಾಕ್ಟರ್ ಕೇಳದಿದ್ದರೂ ನಿಮ್ಮ ಕೆಲಸ ಏನು ಅಂತ ನೀವೇ ಬಾಯಿಬಿಟ್ಟು ಹೇಳಿ.

ಮಂಡಿಚಿಪ್ಪಿನ ಮೇಲಿನ ಕ್ವಾಡ್ರಿಸೆಪ್ಸ್ ರಜ್ಜು ಇತ್ತೀಚೆಗೆ ಹೆಚ್ಚು ಬಳಕೆಗೆ ಬರುತ್ತಿದೆ. ದಪ್ಪ ಚೆನ್ನಾಗಿ ಸಿಗುತ್ತದೆ, ಮಂಡಿಯೂರುವ ನೋವು ಹಿಂದಿನದ್ದಕ್ಕಿಂತ ಕಡಿಮೆ. ಮೊದಲ ತಿಂಗಳುಗಳಲ್ಲಿ ತೊಡೆ ಬಲ ಮರಳಿ ತರಲು ಜಾಸ್ತಿ ಹೆಣಗಬೇಕು. ಪಾದದ ಹೊರಬದಿಯಿಂದ ತೆಗೆಯುವ ಪೆರೋನಿಯಸ್ ಲಾಂಗಸ್ ರಜ್ಜು ಭಾರತದಲ್ಲಿ ಸಾಕಷ್ಟು ಬಳಕೆಯಲ್ಲಿದೆ. ಅದು ತೊಡೆಯನ್ನು ಮುಟ್ಟುವುದಿಲ್ಲ, ಎರಡು ಮೂರು ಲಿಗಮೆಂಟ್ ಕಟ್ಟಬೇಕಾದಾಗ ಉಪಯೋಗಕ್ಕೆ ಬರುತ್ತದೆ. ಭರತನಾಟ್ಯ, ಯಕ್ಷಗಾನದವರು, ದೂರ ಓಡುವವರು ಪಾದದ ಬಲದ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ದಾನಿಯಿಂದ ಬಂದ ರಜ್ಜು ಯುವ ಆಟಗಾರರಲ್ಲಿ ಹರಿಯುವುದು ಜಾಸ್ತಿ, ಅವರಿಗೆ ಬೇಡ. ನೈಲಾನಿನಂಥ ಕೃತಕ ಲಿಗಮೆಂಟ್ ಬಗ್ಗೆ ‘ಮೂರು ತಿಂಗಳಲ್ಲಿ ಆಟ’ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದುಬನ್ನಿ. 1980ರ ದಶಕದಲ್ಲಿ ಇಂಥವು ಬಂದು, ಒಳಗೆ ತುಂಡಾಗಿ ಮಂಡಿ ಊದಿ, ಎಷ್ಟೋ ಜನ ಕಷ್ಟಪಟ್ಟಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಸೇರಿಸಬೇಕು. ನಿಮ್ಮ ಸರ್ಜನ್ ದಿನನಿತ್ಯ ಮಾಡುವ ಗ್ರಾಫ್ಟ್ ಯಾವುದೋ ಅದು, ಅವರು ಅಪರೂಪಕ್ಕೆ ಮಾಡುವ ‘ಅತ್ಯುತ್ತಮ’ ಗ್ರಾಫ್ಟ್‌ಗಿಂತ ಮೇಲು.

ಇನ್ನೂ ಬೆಳೆಯುತ್ತಿರುವ ಮಕ್ಕಳಲ್ಲಿ ಎಲುಬಿನ ಬೆಳವಣಿಗೆಯ ಪದರ ತೆರೆದಿರುತ್ತದೆ, ಸುರಂಗ ಅದನ್ನು ಕೆಡಿಸಬಾರದು. ಮಕ್ಕಳ ಮಂಡಿ ಆಪರೇಷನ್ ಮಾಡಿ ಅನುಭವ ಇರುವವರನ್ನೇ ಹುಡುಕಿ.

ಚೇತರಿಕೆ: ದಿನದಿನದ ಬದುಕಿನ ಲೆಕ್ಕದಲ್ಲಿ

ಆಪರೇಷನ್ ಆದವರು ಮರುದಿನವೇ ವಾಕರ್ ಅಥವಾ ಊರುಗೋಲು ಹಿಡಿದು ನಡೆಯುವುದು ಸಾಮಾನ್ಯ. ಕೂತು ಮಾಡುವ ಕೆಲಸಕ್ಕೆ ಎರಡು ಮೂರು ವಾರದಲ್ಲಿ ಹೋಗಬಹುದು. ಜೊತೆಗೆ ಮೆನಿಸ್ಕಸ್ ಹೊಲಿದಿದ್ದರೆ ಲೆಕ್ಕ ಬದಲು: ಕೆಲವು ವಾರ ಕಾಲಿನ ಮೇಲೆ ಪೂರ್ತಿ ಭಾರ ಬೇಡ, 90 ಡಿಗ್ರಿಗಿಂತ ಜಾಸ್ತಿ ಮಡಚುವುದೂ ಬೇಡ ಅನ್ನುತ್ತಾರೆ. ಹೊಲಿಗೆ ಹಾಕಿದರೆ ಚೇತರಿಕೆ ನಿಧಾನ ಅಂತ ಬೇಸರ ಬೇಡ, ಉಳಿದ ಮೆತ್ತೆ ಮುಂದಿನ ಮೂವತ್ತು ನಲವತ್ತು ವರ್ಷಕ್ಕೆ.

ಇಂಡಿಯನ್ ಟಾಯ್ಲೆಟ್ ಇರುವ ಮನೆಯಾದರೆ ಆಪರೇಷನ್‌ಗೆ ಮುಂಚೆಯೇ ಕಮೋಡ್ ಚೇರ್ ತಂದಿಡಿ. ಕುಕ್ಕರುಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು ತಿಂಗಳುಗಳ ನಂತರದ ಮಾತು, ಫಿಸಿಯೋ ಒಪ್ಪಿದ ಮೇಲೆ. ಬಲಗಾಲಿಗೆ ಆಗಿದ್ದರೆ ಕಾರು ಓಡಿಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು, ಜೋರಾಗಿ ಬ್ರೇಕ್ ತುಳಿಯಲು ಆಗುತ್ತದಾ ಅನ್ನುವುದೇ ಪರೀಕ್ಷೆ. ಬೈಕು, ಸ್ಕೂಟರ್ ಅದಕ್ಕೂ ತಡವಾಗಿ. ಗುಂಡಿ ರಸ್ತೆಯಲ್ಲಿ ಗಾಡಿ ವಾಲಿದರೆ ಒಂದೇ ಕಾಲಲ್ಲಿ ತಡೆಯಬೇಕಲ್ವಾ.

ಮೋಸ ಮಾಡುವುದು ಎರಡು ಮೂರನೇ ತಿಂಗಳು. ನೋವು ಇರುವುದಿಲ್ಲ, ಊತ ಇರುವುದಿಲ್ಲ, ನಡಿಗೆ ಚೆನ್ನಾಗಿರುತ್ತದೆ, ಮನಸ್ಸು ಎಲ್ಲ ಸರಿಹೋಯಿತು ಅನ್ನುತ್ತದೆ. ಆದರೆ ಒಳಗೆ ಗ್ರಾಫ್ಟ್ ಆಗ ಬಹಳ ದುರ್ಬಲವಾಗಿರುವ ಕಾಲ, ಹೊಸ ರಕ್ತನಾಳಗಳು ಬೆಳೆದು ಅದು ಲಿಗಮೆಂಟ್ ಆಗಿ ಬದಲಾಗುತ್ತಿರುತ್ತದೆ. ಬಸ್ಸಿನಿಂದ ಹಾರಿ ಇಳಿಯುವುದು, ಮಳೆಯ ಅಂಗಳದಲ್ಲಿ ಚಪ್ಪಲಿ ಹಾಕಿ ಓಡುವುದು ಆಗ ಬೇಡವೇ ಬೇಡ. ಮೆಲ್ಲಗೆ ಓಡಲು ಶುರು ಮಾಡುವುದು ಮೂರು ನಾಲ್ಕು ತಿಂಗಳ ನಂತರ, ಅದೂ ತೊಡೆ ಬಲ ನೋಡಿ. ಭಾರ ಹೊರುವ ಕೆಲಸಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು.

ಆಟಕ್ಕೆ? ಒಂಬತ್ತು ತಿಂಗಳಿಗಿಂತ ಮುಂಚೆ ಬೇಡ. ಇದು ನನ್ನ ಹಟ ಅಲ್ಲ. 2016ರ ಡೆಲವೇರ್–ಓಸ್ಲೋ ಅಧ್ಯಯನದಲ್ಲಿ 106 ಜನರನ್ನು ನೋಡಿದರು. ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಪೆಟ್ಟಾಗುವ ಪ್ರಮಾಣ ಶೇ. 51ರಷ್ಟು ಕಡಿಮೆಯಾಗುತ್ತಾ ಹೋಯಿತು. ಪರೀಕ್ಷೆಗಳನ್ನೆಲ್ಲ ಪಾಸಾಗಿ ಹೋದವರಲ್ಲಿ ಶೇ. 5.6 ಜನಕ್ಕೆ ಮತ್ತೆ ಪೆಟ್ಟು, ಪಾಸಾಗದೆ ಹೋದವರಲ್ಲಿ ಶೇ. 38.2. ಕ್ಯಾಲೆಂಡರ್ ಒಂದೇ ಸಾಲದು, ಪರೀಕ್ಷೆಯೂ ಬೇಕು. ಪೆಟ್ಟಾದ ಕಾಲಿನ ತೊಡೆ ಬಲ ಇನ್ನೊಂದು ಕಾಲಿನ ಶೇ. 90ಕ್ಕೆ ಬಂದಿರಬೇಕು, ಒಂಟಿ ಕಾಲಿನಲ್ಲಿ ಹಾರುವ ದೂರವೂ ಅಷ್ಟೇ, ಹಾರಿ ಇಳಿದಾಗ ಮಂಡಿ ಒಳಕ್ಕೆ ವಾಲಬಾರದು. ಟೂರ್ನಮೆಂಟ್ ಇದೆ ಅಂತ ಕೋಚ್ ಕರೆದರೂ ಇದನ್ನು ಬಿಡಬೇಡಿ. 25ರೊಳಗಿನವರು ಆಟಕ್ಕೆ ಮರಳಿದಾಗ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಅದೇ ಮಂಡಿಗೋ ಇನ್ನೊಂದು ಮಂಡಿಗೋ ಮತ್ತೆ ಎಸಿಎಲ್ ಪೆಟ್ಟು ಬೀಳುತ್ತದೆ.

ಆಪರೇಷನ್ ಇಲ್ಲದ ದಾರಿಯಲ್ಲಿ ಗ್ರಾಫ್ಟ್ ಕಾಯುವ ಕಾಲ ಇಲ್ಲ, ಹಾಗಾಗಿ ಮೂರರಿಂದ ಆರು ತಿಂಗಳಲ್ಲಿ ತಮಗೆ ಬೇಕಾದ ಚಟುವಟಿಕೆಗೆ ಮರಳುವವರು ಇದ್ದಾರೆ. ಪರೀಕ್ಷೆಗಳು ಮಾತ್ರ ಅವೇ. ಸುಲಭದ ದಾರಿ ಅಂತ ಇದನ್ನು ಆಯ್ದುಕೊಂಡವರು ಅಲ್ಲೇ ಎಡವುತ್ತಾರೆ.

ದುಡ್ಡು ಮತ್ತು ಫಿಸಿಯೋ

ಆಪರೇಷನ್‌ಗೆ ಎಷ್ಟು ಅಂತ ಆಸ್ಪತ್ರೆಯಲ್ಲಿ ಕೇಳಿದಾಗ ಇಂಪ್ಲಾಂಟ್ (ಒಳಗೆ ಹಾಕುವ ಸ್ಕ್ರೂನಂಥದ್ದು) ಸೇರಿದೆಯಾ, ಮೆನಿಸ್ಕಸ್ ಹೊಲಿಯಬೇಕಾದರೆ ಎಷ್ಟು ಜಾಸ್ತಿ ಆಗುತ್ತದೆ ಅಂತ ಬರೆಸಿಕೊಳ್ಳಿ, ಒಳಗೆ ಕ್ಯಾಮೆರಾ ಹಾಕಿದ ಮೇಲೇ ಮೆನಿಸ್ಕಸ್ ಸ್ಥಿತಿ ಪೂರ್ತಿ ಗೊತ್ತಾಗುವುದು. ವಿಮೆ ಇದ್ದರೆ ಕಾಯುವ ಅವಧಿ, ರೂಮ್ ಬಾಡಿಗೆಯ ಮಿತಿ ನೋಡಿ. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ನಿಮ್ಮ ಚಿಕಿತ್ಸೆ ಬರುತ್ತದಾ ಅಂತ ಸರ್ಕಾರಿ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲೇ ವಿಚಾರಿಸಿ. ಬೆಂಗಳೂರಿನಲ್ಲಿ ಎಲುಬು ಕೀಲಿಗೆಂದೇ ಇರುವ ಸರ್ಕಾರಿ ಸಂಜಯ್ ಗಾಂಧಿ ಆಸ್ಪತ್ರೆ ಜಯನಗರದ ಹತ್ತಿರ ಇದೆ.

ಆಪರೇಷನ್ ಖರ್ಚಿಗೆ ವಿಮೆ ಬಂದರೂ ತಿಂಗಳುಗಟ್ಟಲೆ ಫಿಸಿಯೋ ಖರ್ಚಿಗೆ ಬಹಳ ಸಲ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ದುಡ್ಡೆಲ್ಲ ಆಪರೇಷನ್‌ಗೆ ಹೋಗಿ, ಆರನೇ ವಾರಕ್ಕೆ ಫಿಸಿಯೋ ನಿಂತುಹೋಗುತ್ತದೆ. ನನ್ನನ್ನು ಕೇಳಿದರೆ ಸ್ವಲ್ಪ ಅಗ್ಗದ ರೂಮ್ ತಗೊಂಡು, ಉಳಿದ ದುಡ್ಡನ್ನು ಫಿಸಿಯೋಗೆ ಎತ್ತಿಡುವುದೇ ಜಾಣತನ. ದಿನಾ ಹೋಗಬೇಕಂತಲೂ ಇಲ್ಲ. ನಿಮ್ಮೂರು ದೂರ ಇದ್ದರೆ ಎರಡು ಮೂರು ವಾರಕ್ಕೊಮ್ಮೆ ಒಳ್ಳೆ ಫಿಸಿಯೋ ಹತ್ತಿರ ಹೋಗಿ, ಮುಂದಿನ ವಾರಗಳ ವ್ಯಾಯಾಮ ಕಲಿತು, ಮನೆಯಲ್ಲಿ ಶಿಸ್ತಾಗಿ ಮಾಡಿ. ಮಲಗಿಸಿ ಕರೆಂಟ್ ಯಂತ್ರ ಹಚ್ಚಿ, ಬಿಸಿ ಕೊಟ್ಟು ಕಳಿಸುವ ಕಡೆ ಹೋಗಬೇಡಿ. ತೂಕ ಎತ್ತಿಸುವ, ಒಂಟಿ ಕಾಲಲ್ಲಿ ನಿಲ್ಲಿಸುವ, ಅಳತೆ ಮಾಡಿ ಬರೆದಿಡುವ ಫಿಸಿಯೋ ನಿಮಗೆ ಬೇಕಾದವರು.

ಆಟಕ್ಕೆ ಮರಳಿದ ದಿನದಿಂದ ವಾರ್ಮ್‌ಅಪ್ ಬದಲಿಸಿ. ಮೈದಾನಕ್ಕೆ ಎರಡು ಸುತ್ತು ಓಡಿ ಶುರು ಮಾಡಿದರೆ ಸಾಲದು. ಫಿಫಾದವರು ಮಾಡಿರುವ 11 ಪ್ಲಸ್ ಅನ್ನುವ 20 ನಿಮಿಷದ ವಾರ್ಮ್‌ಅಪ್ ಇದೆ. ಓಟ, ಬಲ, ಸಮತೋಲನ, ಹಾರಿ ಸರಿಯಾಗಿ ಇಳಿಯುವುದು ಎಲ್ಲ ಅದರಲ್ಲಿದೆ, ಯಾವ ಉಪಕರಣವೂ ಬೇಡ, ಫುಟ್‌ಬಾಲ್ ಅಲ್ಲದವರೂ ಬಳಸಬಹುದು. ಇಂಥ ಕಸರತ್ತು ನಿಯಮಿತವಾಗಿ ಮಾಡುವ ತಂಡಗಳಲ್ಲಿ ಮಂಡಿ ಪೆಟ್ಟು ಕಡಿಮೆ. ಹುಡುಗಿಯರಿಗೆ ಎಸಿಎಲ್ ಹರಿಯುವ ಸಾಧ್ಯತೆ ಹುಡುಗರಿಗಿಂತ ಹೆಚ್ಚು, ಆದ್ದರಿಂದ ಶಾಲೆ ಕಾಲೇಜಿನ ಕಬಡ್ಡಿ, ಖೋಖೋ, ವಾಲಿಬಾಲ್ ತಂಡದ ಪಿಟಿ ಮೇಷ್ಟ್ರುಗಳಿಗೆ ಇದನ್ನು ತೋರಿಸಿ, ಇಡೀ ತಂಡಕ್ಕೆ ಮಾಡಿಸಲು ಕೇಳಿಕೊಳ್ಳಿ.